ಲಕ್ಕವಳ್ಳಿಗೆ ಬಂದವರು, ದೇವನೂರಿಗೆ ಬಾರದವರು

ಶನಿವಾರ ಬೆಳಗಿನ ಜಾವ ಕಡೂರು ಜಂಕ್ಷನ್‌ನಲ್ಲಿ ಇಳಿಯುವವರ ಬೆನ್ನಿನ ಚೀಲ ನೋಡಿದರೆ ಸಾಕು, ಎಲ್ಲಿಗೆ ಹೊರಟವರೆಂದು ಹೇಳಿಬಿಡಬಹುದು. ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಇಲ್ಲವೇ ಲಕ್ಕವಳ್ಳಿ. ‘ದೇವನೂರಿಗೆ ಬಸ್ಸು ಎಲ್ಲಿ ನಿಲ್ಲುತ್ತೆ?’ ಎಂದು ಕೇಳಿದ ಪ್ರವಾಸಿಯನ್ನು ನಾನು ಕಂಡದ್ದು ಒಂದೇ ಸಲ. ಅವರೂ ಗಮಕ ಕಲಿಸುವ ಮೇಷ್ಟರು, ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ಊರು ನೋಡಲು ಬಂದಿದ್ದರು.

ಅದೇ ಸುತ್ತಿನ ಲಕ್ಕವಳ್ಳಿ ಪ್ರವಾಸಿಗರ ಬಾಯಿಗೆ ಬಿದ್ದದ್ದು ಹೇಗೆ? ಜಾಡು ಹಿಡಿದು ಹೋದರೆ ಅದು ನೇಪಾಳಕ್ಕೆ ಮುಟ್ಟಿಸುತ್ತದೆ. ಆರ್. ಗುಂಡೂರಾವ್ ಮಂತ್ರಿಯಾಗಿದ್ದಾಗ ಚಿತ್ವನ್ ಕಾಡಿನ ‘ಟೈಗರ್ ಟಾಪ್ಸ್’ ವಸತಿಗೃಹ ನೋಡಿ ಮನಸೋತರು. ನಮ್ಮ ನಾಗರಹೊಳೆ ಏನು ಕಡಿಮೆ ಅನ್ನಿಸಿರಬೇಕು. ಮುಖ್ಯಮಂತ್ರಿಯಾದ 1980ರಲ್ಲೇ ಸರ್ಕಾರ ಮತ್ತು ಟೈಗರ್ ಟಾಪ್ಸ್ ಕೂಡಿ ‘ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್’ ಹುಟ್ಟಿತು. ಕಬಿನಿ ದಂಡೆಯ ಕಾರಾಪುರದಲ್ಲಿ ಮೈಸೂರು ಅರಸರ ಬೇಟೆಯ ಕಾಲದ ಕಟ್ಟಡಗಳು ಸರ್ಕಾರದ ಪಾಲು. ಅತಿಥಿಗಳನ್ನು ಕಾಡಿಗೆ ಕರೆದೊಯ್ದು ಉಣಿಸಿ ಕಳಿಸುವ ಕಸುಬು ಕಂಪನಿಯ ಪಾಲು. ಹಿಂದೆ ಬೇಟೆಗಾರರಾಗಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಅಲ್ಲೇ ನೆಲೆನಿಂತರು. ‘ಪಾಪಾ’ ಎಂದೇ ಎಲ್ಲರೂ ಕರೆಯುತ್ತಿದ್ದ ಅವರು 2010ರಲ್ಲಿ ತೀರಿಕೊಂಡರು.

1987ರಲ್ಲಿ ಟೈಗರ್ ಟಾಪ್ಸ್ ಹೊರನಡೆಯಿತು, ಸಂಸ್ಥೆ ಪೂರ್ತಿ ಸರ್ಕಾರದ್ದಾಯಿತು. ಸರ್ಕಾರದ ಕೈಗೆ ಬಂದದ್ದು ಹಾಳಾಗುತ್ತದೆ ಅನ್ನುವುದು ನಮ್ಮ ವಾಡಿಕೆಯ ಮಾತು. ಇಲ್ಲಿ ಹಾಗಾಗಲಿಲ್ಲ. ಕಲಿತ ಕಸುಬು ಕೈಬಿಡದೆ ಸಂಸ್ಥೆ ಬಿಳಿಗಿರಿರಂಗನಬೆಟ್ಟ, ದಾಂಡೇಲಿ ಎಂದು ಕವಲೊಡೆಯುತ್ತ ಕೊನೆಗೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಗೂ ಬಂತು.

ಭದ್ರಾ ಹಿನ್ನೀರಿನ ಆ ವಸತಿಗೆ ‘ರಿವರ್ ಟರ್ನ್’ ಹಕ್ಕಿಯದೇ ಹೆಸರು. ಕರಿ ಟೋಪಿ, ಹಳದಿ ಕೊಕ್ಕು. ಬೇಸಿಗೆಗೆ ನೀರು ಇಳಿದಂತೆ ತಲೆಯೆತ್ತುವ ಬೋಳು ದಿಬ್ಬಗಳ ಮೇಲೆ ಗುಂಪುಗುಂಪಾಗಿ ಮೊಟ್ಟೆಯಿಡುತ್ತವೆ. ಗೂಡೆಂಬುದಿಲ್ಲ, ನೆಲದಲ್ಲೊಂದು ಸಣ್ಣ ಕುಳಿ ಅಷ್ಟೆ. ಮೊಟ್ಟೆಯ ಚುಕ್ಕೆ ಮಣ್ಣುಕಲ್ಲಿನೊಂದಿಗೆ ಎಷ್ಟು ಬೆರೆತಿರುತ್ತದೆಂದರೆ, ದೋಣಿಯಲ್ಲಿ ಕೂತವರಿಗೆ ಕಾಣುವುದು ಕಾವು ಕೂತ ಹೆಣ್ಣು ಮಾತ್ರ. ಗಂಡು ಮೀನು ಕಚ್ಚಿ ತಂದು ಅದರ ಕೊಕ್ಕಿಗಿಡುತ್ತದೆ. ಕ್ಯಾಮೆರಾಗಳು ಆ ಗಳಿಗೆಗೇ ಕಾದಿರುತ್ತವೆ.

ಆ ದೋಣಿಯಲ್ಲಿ ಯಾರೂ ಎತ್ತದ ಮಾತೊಂದಿದೆ. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಮೇಲೆ ಒಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಗದ್ದೆ ಮನೆ ಬಿಟ್ಟು ಎಂ.ಸಿ. ಹಳ್ಳಿ, ಕೆಳಗೂರುಗಳಿಗೆ ಬಂದವು. ಪ್ರವಾಸಿ ಕಾಸು ಕೊಟ್ಟು ಅನುಭವಿಸುವ ಆ ನಿಶ್ಶಬ್ದದಲ್ಲಿ ಇವರ ಪಾಲೂ ಇದೆ.

ಇತ್ತ ಘಟ್ಟದ ಕಾಫಿ ಬೆಳೆಗಾರರದು ಬೇರೆಯೇ ಕತೆ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ತೋಟದ ಮನೆಯ ಖಾಲಿ ಕೋಣೆಗಳ ಬಾಗಿಲು ತೆರೆದರು, ಕಡುಬು–ಪಂದಿ ಸಾರು ಬಡಿಸಿದರು. ಮಾಲೀಕ ಮನೆಯಲ್ಲೇ ಇರಬೇಕು, ನೋಂದಣಿ ಆಗಬೇಕು ಎಂಬ ಸರ್ಕಾರದ ಹೋಮ್‌ಸ್ಟೇ ನಿಯಮಗಳು ಹಿಂದಿನಿಂದ ಬಂದವು. ಬ್ರಿಟನ್ನಿನ ವೇಲ್ಸ್‌ನಲ್ಲಿ ಇದು ತಿರುಗುಮುರುಗು: 1969ರ ಕಾಯ್ದೆಯೇ ಅಲ್ಲಿನ ಪ್ರವಾಸಿ ಮಂಡಳಿಗೆ ಖಾಸಗಿ ಯೋಜನೆಗಳಿಗೆ ಅನುದಾನ ಕೊಡುವ ಅಧಿಕಾರ ಕೊಟ್ಟಿತ್ತು. ಅಲ್ಲಿ ಸರ್ಕಾರದ ದುಡ್ಡು ಮುಂದೆ, ಇಲ್ಲಿ ಬೆಳೆಗಾರನ ಕಷ್ಟ ಮುಂದೆ.

ಹಾಗೆ ನೋಡಿದರೆ ಘಟ್ಟದ ದಾರಿ, ಲಕ್ಕವಳ್ಳಿಯ ದಾರಿ ಎರಡೂ ದೇವನೂರಿಗೆ ಇಲ್ಲ. ಬಯಲುಸೀಮೆಯ ಊರು, ಬಾಗಿಲು ತೆರೆಯಲು ತೋಟದ ಬಂಗಲೆಯಿಲ್ಲ. ಕಂಪನಿ ಹುಡುಕಿ ಬರಲು ಹುಲಿಯಿಲ್ಲ. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದಾಗಲೂ ಜನ ಬೆಟ್ಟದ ಕಡೆಗೇ ಹೋದರು. ನನ್ನನ್ನು ಕೇಳಿದರೆ, ಕಾರಾಪುರದಲ್ಲಿ ಮಾಡಿದಂತೆ ಇಲ್ಲೂ ಇರುವುದನ್ನೇ ಬಂಡವಾಳ ಮಾಡಬಹುದಿತ್ತು: ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನ, ಜೈಮಿನಿ ಭಾರತ, ಅದನ್ನು ಹಾಡಬಲ್ಲ ನಾಲ್ಕು ಗಂಟಲು.

ಆ ಮೇಷ್ಟರು ದೇವಸ್ಥಾನದ ಜಗುಲಿಯಲ್ಲಿ ಅರ್ಧ ಗಂಟೆ ವಾರ್ಧಕ ಷಟ್ಪದಿ ಹಾಡಿದರಂತೆ. ಇಬ್ಬರು ಹುಡುಗರು ಆಟ ಬಿಟ್ಟು ಬಂದು ಕೂತರಂತೆ. ಇನ್ನೂ ಹಾಡುವ ಮನಸ್ಸಿತ್ತು, ಉಳಿಯಲು ಕೋಣೆ ಇರಲಿಲ್ಲ. ಸಂಜೆಯ ಬಸ್ಸು ಹಿಡಿದು ಕಡೂರಿಗೆ ಬಂದು, ಇಡ್ಲಿ ತಿಂದು, ರಾತ್ರಿ ರೈಲಿಗೆ ಕಾದು ಕೂತಿದ್ದರು.