ಪ್ರವಾಹದ ಬಯಲು ಮತ್ತು ಊರಿನ ನಿಯಮ

ತುಂಬಿ ಬಂದ ನದಿಯು ತನ್ನ ಪಾತ್ರವನ್ನು ಮೀರಿ ಇಕ್ಕೆಲದ ತಗ್ಗು ನೆಲದ ಮೇಲೆ ಹರಡಿಕೊಳ್ಳುವುದು ಸಹಜವಾಗಿದ್ದು, ಹೀಗೆ ಆಗಾಗ ನೀರು ಆವರಿಸುವ ನೆಲವನ್ನು ಪ್ರವಾಹದ ಬಯಲು ಎನ್ನುತ್ತಾರೆ. ಅಣೆಕಟ್ಟು, ಒಡ್ಡುಗಳನ್ನಷ್ಟೇ ನೆಚ್ಚಿಕೊಳ್ಳದೆ ಈ ಬಯಲಿನ ಬಳಕೆಯನ್ನೇ ನೀರಿನ ಸ್ವಭಾವಕ್ಕೆ ಹೊಂದಿಸಿಕೊಳ್ಳಬೇಕೆಂದು ಅಮೆರಿಕದ ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ 1945ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ವಾದಿಸಿದರು. 1968ರಲ್ಲಿ ಆ ದೇಶ ಜಾರಿಗೆ ತಂದ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಯು ಈ ವಿಚಾರಕ್ಕೆ ಒಂದು ಕರಾರಿನ ರೂಪ ಕೊಟ್ಟಿತು: ಯಾವ ಊರಿನ ಆಡಳಿತವು ಬಯಲಿನಲ್ಲಿ ಕಟ್ಟಡಗಳನ್ನು ನಿಯಂತ್ರಿಸುವ ನಿಯಮಗಳನ್ನು ತಾನೇ ಅಂಗೀಕರಿಸಿ ಪಾಲಿಸುತ್ತದೆಯೋ ಆ ಊರಿನ ನಿವಾಸಿಗಳಿಗೆ ಮಾತ್ರ ಈ ಯೋಜನೆಯ ವಿಮೆ ದೊರೆಯುತ್ತದೆ.

ಈ ನಿಯಮಗಳಿಗೆಲ್ಲ ಆಧಾರವಾಗಿರುವುದು ನೂರು ವರ್ಷದ ಪ್ರವಾಹವೆಂಬ ಲೆಕ್ಕ. ಅದು ನೂರು ವರ್ಷಕ್ಕೊಮ್ಮೆ ಬಂದುಹೋಗುವ ನೆರೆಯಲ್ಲ, ಯಾವುದೇ ವರ್ಷದಲ್ಲಿ ಬರುವ ಸಾಧ್ಯತೆ ಶೇ. 1ರಷ್ಟಿರುವ ನೆರೆ, ಮೂವತ್ತು ವರ್ಷದ ಗೃಹಸಾಲ ತೀರುವುದರೊಳಗೆ ಅದು ಒಮ್ಮೆಯಾದರೂ ಬರುವ ಸಾಧ್ಯತೆ ಶೇ. 26ರಷ್ಟಿರುತ್ತದೆ. ಹೊಸ ಮನೆಯ ಕೆಳಅಂತಸ್ತಿನ ನೆಲವು ಈ ನೆರೆಯ ಮಟ್ಟಕ್ಕಿಂತ ತಗ್ಗಿನಲ್ಲಿರಕೂಡದು. ಇದಲ್ಲದೆ ದೊಡ್ಡ ನೀರು ಸರಾಗವಾಗಿ ಸಾಗಲು ಬೇಕಾಗುವಷ್ಟು ಅಗಲವನ್ನು ಹರಿವಿನ ಹಾದಿ ಎಂದು ನಕ್ಷೆಯಲ್ಲಿ ಗುರುತಿಸಿ, ಅದರೊಳಗೆ ನೆರೆಯ ಮಟ್ಟವನ್ನು ಏರಿಸುವ ಯಾವ ನಿರ್ಮಾಣಕ್ಕೂ ಪರವಾನಗಿ ನೀಡಲಾಗುವುದಿಲ್ಲ, ಏಕೆಂದರೆ ಒಬ್ಬನು ತನ್ನ ನಿವೇಶನಕ್ಕೆ ಮಣ್ಣು ತುಂಬಿಸಿ ಎತ್ತರಿಸಿಕೊಂಡರೆ ಆ ನೀರು ಪಕ್ಕದವನ ಮನೆಯನ್ನು ಹೊಗುತ್ತದೆ.

ಆದರೆ ಎಲ್ಲಕ್ಕಿಂತ ಮಹತ್ವದ್ದೂ ಪಾಲಿಸಲು ಕಠಿಣವಾದದ್ದೂ ದುರಸ್ತಿಯ ನಿಯಮವೇ. ಮನೆಯ ಬೆಲೆಯ ಅರ್ಧ ಅಥವಾ ಅದಕ್ಕಿಂತ ಹೆಚ್ಚು ವೆಚ್ಚದ ಹಾನಿಯಾಗಿದ್ದರೆ ಅದನ್ನು ಮೊದಲಿದ್ದಂತೆಯೇ ಕಟ್ಟುವಂತಿಲ್ಲ, ಹೊಸ ಮನೆಯಂತೆ ಎತ್ತರಿಸಿಯೇ ಕಟ್ಟಬೇಕು. ಸಂತ್ರಸ್ತರ ಮೇಲೆ ಎಲ್ಲರಿಗೂ ಕನಿಕರ ಉಕ್ಕುವ ಗಳಿಗೆಯಲ್ಲೇ ಇದನ್ನು ಜಾರಿ ಮಾಡಬೇಕಾಗಿರುವುದರಿಂದ ಊರಿನ ಆಡಳಿತದ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ. ಒಕ್ಲಹೋಮ ರಾಜ್ಯದ ಟಲ್ಸ ನಗರದಲ್ಲಿ 1984ರ ಮೇ ತಿಂಗಳ ನೆರೆಗೆ 14 ಜನ ಬಲಿಯಾದಾಗ, ಅಧಿಕಾರ ವಹಿಸಿಕೊಂಡು ಮೂರು ವಾರವೂ ಆಗಿರದ ಮೇಯರ್ ಟೆರಿ ಯಂಗ್ ಅವರ ಆಡಳಿತವು ಬಯಲಿನಲ್ಲಿ ಮರುನಿರ್ಮಾಣವನ್ನು ಕೂಡಲೇ ತಡೆಹಿಡಿದು, ಮುಳುಗಿದ ಮನೆಗಳಲ್ಲಿ ಸುಮಾರು 300ನ್ನು ಖರೀದಿಸಿ ತೆರವುಗೊಳಿಸಿತು. ನೊಂದವರಿಗೆ ಅದೇ ತಗ್ಗಿನಲ್ಲಿ ಗೋಡೆ ಎಬ್ಬಿಸಿಕೊಡುವುದಕ್ಕಿಂತ ಇದು ಹೆಚ್ಚಿನ ಉಪಕಾರವಾಗಿತ್ತು. ವಿಮಾ ಯೋಜನೆಯಲ್ಲೂ, ಊರು ಹೀಗೆ ಕನಿಷ್ಠ ನಿಯಮಕ್ಕಿಂತ ಮುಂದೆ ಹೋದಷ್ಟೂ ನಿವಾಸಿಗಳ ವಿಮಾ ಕಂತು ಇಳಿಯುವ ಏರ್ಪಾಡು 1990ರಲ್ಲಿ ಬಂದಿದ್ದು, ಗರಿಷ್ಠ ರಿಯಾಯಿತಿ ಶೇ. 45ರಷ್ಟಿದೆ.

ಭಾರತದಲ್ಲಿ ಕೇಂದ್ರ ಸರ್ಕಾರವು ಪ್ರವಾಹದ ಬಯಲನ್ನು ವಲಯಗಳಾಗಿ ವಿಂಗಡಿಸುವ ಮಾದರಿ ಮಸೂದೆಯನ್ನು 1975ರಲ್ಲೇ ರಾಜ್ಯಗಳಿಗೆ ಕಳುಹಿಸಿತಾದರೂ ಮಣಿಪುರ, ರಾಜಸ್ಥಾನಗಳಂಥ ಕೆಲವೇ ರಾಜ್ಯಗಳು ಅದನ್ನು ಕಾಯಿದೆಯಾಗಿಸಿದವು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಬೆಂಗಳೂರಿನ 2007ರ ಮಹಾಯೋಜನೆ ಕೆರೆಗಳ ಸುತ್ತ 30 ಮೀಟರ್ ಹಾಗೂ ರಾಜಕಾಲುವೆಗಳ ಗಾತ್ರಕ್ಕೆ ತಕ್ಕಂತೆ 50, 25, 15 ಮೀಟರ್ ತೆರವು ಬಿಡಬೇಕೆಂದು ಹೇಳಿತಾದರೂ ಅದು ನೀರು ಏರುವ ಮಟ್ಟವನ್ನಲ್ಲ, ಕೆರೆ ಕಾಲುವೆಗಳಿಂದಿರುವ ದೂರವನ್ನಷ್ಟೇ ಅಳೆಯಿತು. ಕೃಷ್ಣಾ, ಮಲಪ್ರಭಾ ತೀರದ ಊರುಗಳಲ್ಲಿ 2009 ಮತ್ತು 2019ರ ನೆರೆ ಏರಿದ ಮಟ್ಟ ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಆ ಮಟ್ಟಗಳನ್ನು ಸರ್ವೆ ಮಾಡಿಸಿ ಊರಿನ ನಕ್ಷೆಗೆ ಏರಿಸಿ, ಹೊಸ ಮನೆಯ ತಳಪಾಯಕ್ಕೆ ಅದಕ್ಕಿಂತ ಹೆಚ್ಚಿನ ಎತ್ತರವನ್ನು ಪರವಾನಗಿಯ ಷರತ್ತಾಗಿಸುವ ಕೆಲಸವನ್ನು ಗ್ರಾಮ ಪಂಚಾಯಿತಿಗಳಿಗೆ ವಹಿಸಬಹುದು.