ರೆಫರಿ ಎಲ್ಲಿ ನಿಲ್ಲುತ್ತಾರೆ, ಏಕೆ ನಿಲ್ಲುತ್ತಾರೆ?
(ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಈ ವೇದಿಕೆಯಿಂದ ತಾವು ಸಾಮಾನ್ಯವಾಗಿ ಸಾಹಿತ್ಯ, ಸಂಗೀತಗಳನ್ನು ಕುರಿತ ಮಾತುಗಳನ್ನು ಕೇಳುತ್ತೀರಿ. ಇಂದು ನಾವು ಸಾಕರ್ ಆಟದ ತೀರ್ಪುಗಾರರ ವಿಷಯವನ್ನು ಆರಿಸಿಕೊಂಡಿದ್ದೇವೆ. ಶನಿವಾರ ಬಂತೆಂದರೆ ನಮ್ಮಲ್ಲಿ ಅನೇಕ ಕುಟುಂಬಗಳು ಮಡಿಸುವ ಕುರ್ಚಿಗಳೊಡನೆ ಮೈದಾನದ ಅಂಚಿನಲ್ಲಿರುತ್ತವೆ. ಅಲ್ಲಿ ನಡೆದ ಒಂದು ಪ್ರಸಂಗವೇ ಈ ಮಾತಿಗೆ ಕಾರಣ.

ಕೆಲವು ವರ್ಷಗಳ ಹಿಂದೆ ನಮ್ಮ ಮಗ ಹೊಡೆದ ಗೋಲೊಂದನ್ನು ಆಫ್‌ಸೈಡ್ ಎಂದು ತಳ್ಳಿಹಾಕಲಾಯಿತು. ಬಾವುಟ ಎತ್ತಿದವಳು ಹದಿನಾಲ್ಕು ಹದಿನೈದರ ಹುಡುಗಿ. ನಡುಗೆರೆಯ ಬಳಿ ಕುಳಿತಿದ್ದ ನಾವು ದಂಪತಿಗಳು ಎದ್ದುನಿಂತು ಕೂಗಿದೆವು. ಆ ಹುಡುಗಿ ತಿರುಗಿ ನೋಡಲಿಲ್ಲ. ಆದರೆ ಆಟ ಮುಗಿದಾಗ ಅವಳ ಕಣ್ಣುಗಳು ಕೆಂಪಾಗಿದ್ದವು. ಮುಂದೆ ನಾವಿಬ್ಬರೂ ರೆಫರಿ ತರಬೇತಿ ಪಡೆದು ಬಾವುಟ ಹಿಡಿದ ಮೇಲೆಯೇ ಅಂದಿನ ನಮ್ಮ ತಪ್ಪು ಅರಿವಾಯಿತು.

ಮೊದಲು ಮುಖ್ಯ ರೆಫರಿಯ ವಿಷಯ. ಅಂತರರಾಷ್ಟ್ರೀಯ ಪಂದ್ಯಗಳ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಇದನ್ನು ಒಬ್ಬರೇ ಕಾಯುವುದು ಅಸಾಧ್ಯ. ಆದ್ದರಿಂದ ರೆಫರಿಯು ಒಂದು ಮೂಲೆಯ ಕಡೆಯಿಂದ ಎದುರು ಮೂಲೆಯ ಕಡೆಗೆ ಕರ್ಣರೇಖೆಯಲ್ಲಿ ಓಡಾಡುತ್ತಾರೆ. ಉಳಿದೆರಡು ಮೂಲೆಗಳ ಕಡೆ, ಎದುರುಬದುರು ಪಕ್ಕಗಳಲ್ಲಿ, ಇಬ್ಬರು ಸಹಾಯಕರು ತಲಾ ಅರ್ಧ ಮೈದಾನವನ್ನು ನೋಡಿಕೊಳ್ಳುತ್ತಾರೆ. ಚೆಂಡು ಆದಷ್ಟೂ ರೆಫರಿ ಮತ್ತು ಸಹಾಯಕರ ನಡುವೆ ಇರಬೇಕು ಎಂಬುದೇ ಇದರ ತಿರುಳು. ಆಗ ಒಂದೇ ಘಟನೆಯನ್ನು ಎರಡು ದಿಕ್ಕಿನ ಕಣ್ಣುಗಳು ಕಾಣುತ್ತವೆ. ಈ ಪದ್ಧತಿಯನ್ನು ರೂಢಿಗೆ ತಂದ ಕೀರ್ತಿ ಇಂಗ್ಲೆಂಡಿನ ಸ್ಟ್ಯಾನ್ಲಿ ರೌಸ್ ಅವರದು. 1934ರ ಎಫ್.ಎ. ಕಪ್ ಅಂತಿಮ ಪಂದ್ಯದ ರೆಫರಿಯಾಗಿದ್ದ ಅವರು, 1961ರಿಂದ 1974ರವರೆಗೆ ಫೀಫಾ ಅಧ್ಯಕ್ಷರೂ ಆಗಿದ್ದರು. 1996ರವರೆಗೆ ಲೈನ್ಸ್‌ಮನ್ ಎನಿಸಿಕೊಂಡಿದ್ದವರೇ ಇಂದಿನ ಸಹಾಯಕ ರೆಫರಿಗಳು.

ಸಹಾಯಕರ ಕೆಲಸದಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಆಫ್‌ಸೈಡ್. ಎದುರಾಳಿಗಳ ಅರ್ಧದಲ್ಲಿರುವ ಆಟಗಾರನು ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲ್ ಗೆರೆಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಸ್ಥಾನ. ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್. ಆದಕಾರಣ ಸಹಾಯಕರು ಆ ಎರಡನೆಯ ಎದುರಾಳಿಯ ನೇರಕ್ಕೆ, ಚೆಂಡು ಅವನನ್ನು ದಾಟಿದ್ದರೆ ಚೆಂಡಿನ ನೇರಕ್ಕೆ, ನಿಲ್ಲಬೇಕು. ಅವನು ಮುಂದೆ ಸರಿದರೆ ಇವರೂ ಮುಂದೆ. ಹಿಂದೆ ಓಡಿದರೆ ಇವರೂ ಹಿಂದೆ. ಮುಖ ಮೈದಾನದ ಕಡೆಗೇ ಇರಬೇಕಾದ್ದರಿಂದ ಬಹುಪಾಲು ಅಡ್ಡ ಹೆಜ್ಜೆಯ ಓಟ. ಕ್ರಿಕೆಟ್ಟಿನಲ್ಲಿ ರನೌಟ್ ನೋಡಲು ಸ್ಕ್ವೇರ್ ಲೆಗ್ ಅಂಪೈರ್ ಕ್ರೀಸಿನ ನೇರಕ್ಕೆ ನಿಲ್ಲುವುದನ್ನು ತಾವು ಬಲ್ಲಿರಿ. ಇಲ್ಲಿಯೂ ಅದೇ ತತ್ವ. ಆದರೆ ಇಲ್ಲಿ ಕ್ರೀಸೇ ಓಡಾಡುತ್ತಿರುತ್ತದೆ!

ನೇರ ತಪ್ಪಿದರೆ ಏನಾಗುತ್ತದೆಂದು ಲೆಕ್ಕ ಹಾಕೋಣ. ರಕ್ಷಣೆಯ ಆಟಗಾರ ನಮ್ಮ ಅಂಚಿನಿಂದ 20 ಮೀಟರ್ ಒಳಗಿದ್ದಾನೆ. ನಾವು ಅವನ ನೇರಕ್ಕಿಂತ 4 ಮೀಟರ್ ಹಿಂದೆ, ನಡುಗೆರೆಯ ಕಡೆಗೆ ಇದ್ದೇವೆ. ನಮ್ಮ ಕಣ್ಣಿನಿಂದ ಅವನ ಮೂಲಕ ಎಳೆದ ಗೆರೆ ಓರೆಯಾಗಿ ಸಾಗಿ, 40 ಮೀಟರ್ ಒಳಗೆ ಹೋಗುವಾಗ ನಮಗಿಂತ 8 ಮೀಟರ್ ಮುಂದಿರುತ್ತದೆ. ಅಲ್ಲಿ ನಿಂತ ನಮ್ಮ ಮಗ ಒಂದು ಮೀಟರ್ ಆಫ್‌ಸೈಡ್ ಆಗಿದ್ದರೂ ನಮಗಿಂತ ಮುಂದಿರುವುದು 5 ಮೀಟರ್ ಮಾತ್ರ. ಆದ್ದರಿಂದ ಅವನು ಆ ಗೆರೆಗಿಂತ ಹಿಂದೆಯೇ ಇರುವಂತೆ ಕಾಣುತ್ತದೆ. ಅವನು ಈ ಬದಿಯಲ್ಲೂ ರಕ್ಷಣೆಯ ಆಟಗಾರ ಆ ಬದಿಯಲ್ಲೂ ಇದ್ದರೆ ಭ್ರಮೆ ತಿರುಗುಮುರುಗಾಗುತ್ತದೆ. ಅಂದು ನಮ್ಮ ಕಣ್ಣು ಸುಳ್ಳಾಡಲಿಲ್ಲ. ನಾವು ಕುಳಿತ ಜಾಗ ಸುಳ್ಳಾಡಿತು. ಇನ್ನೊಂದು ತೊಡಕು: ಲೆಕ್ಕಕ್ಕೆ ಬರುವುದು ಜೊತೆಯವನು ಚೆಂಡನ್ನು ಒದ್ದ ಕ್ಷಣ. ನಾವು ಒದ್ದವನಿಂದ ಓಡುವವನೆಡೆಗೆ ದೃಷ್ಟಿ ಹೊರಳಿಸುವಷ್ಟರಲ್ಲಿ ಅವನು ಎರಡು ಹೆಜ್ಜೆ ಮುಂದೆ ಹೋಗಿರುತ್ತಾನೆ.

ಗೋಲ್ ಗೆರೆಯ ವಿಷಯದಲ್ಲೂ ಹೀಗೆಯೇ. ಕಾರ್ನರ್ ಕಿಕ್ ವೇಳೆ ಸಹಾಯಕರು ಮೂಲೆಯ ಬಾವುಟದ ಹಿಂದೆ, ಗೋಲ್ ಗೆರೆಯ ನೇರಕ್ಕೆ ನಿಲ್ಲುವುದು ಚೆಂಡು ಪೂರ್ತಿ ಒಳಹೋಯಿತೇ ಎಂದು ಕಾಣಲು. ಆದರೆ ದೂರದಿಂದ ಏಕಾಏಕಿ ಬಂದ ಹೊಡೆತಕ್ಕೆ ಅಲ್ಲಿಗೆ ತಲುಪಲು ಕಾಲವೆಲ್ಲಿ? 1966ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಜೆಫ್ ಹರ್ಸ್ಟ್ ಹೊಡೆದ ಚೆಂಡು ಅಡ್ಡಪಟ್ಟಿಗೆ ತಗುಲಿ ಕೆಳಗೆ ಪುಟಿಯಿತು. ರೆಫರಿ ಡೀನ್ಸ್ಟ್ ಅವರು ಲೈನ್ಸ್‌ಮನ್ ಬಹ್ರಾಮೊವ್ ಅವರನ್ನು ಕೇಳಿ ಗೋಲ್ ಕೊಟ್ಟರು; ಆ ವಾದ ಇಂದಿಗೂ ಮುಗಿದಿಲ್ಲ. 2010ರಲ್ಲಿ ಜರ್ಮನಿಯ ವಿರುದ್ಧ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಸ್ಪಷ್ಟವಾಗಿ ಗೆರೆ ದಾಟಿದ್ದರೂ ಗೋಲ್ ಸಿಗಲಿಲ್ಲ. 2014ರ ವಿಶ್ವಕಪ್‌ನಲ್ಲಿ ಗೋಲ್ ಗೆರೆಯ ತಂತ್ರಜ್ಞಾನವೂ, 2018ರಲ್ಲಿ ವಿಡಿಯೋ ರೆಫರಿಗಳೂ ಬಂದರು.

ನಮ್ಮ ಮಕ್ಕಳ ಮೈದಾನದಲ್ಲಿ ಆ ಯಂತ್ರಗಳಿಲ್ಲ. ಅಲ್ಲಿರುವುದು ಬಾವುಟ ಹಿಡಿದು ಅಡ್ಡ ಹೆಜ್ಜೆಯಲ್ಲಿ ಓಡುವ, ಯಾರದೋ ಮನೆಯ ಮಗು. ಆ ಮಗುವೂ ತಪ್ಪಬಹುದು. ಆದರೆ ಸರಿಯಾದ ಜಾಗದಲ್ಲಿ ನಿಲ್ಲಲು ಹೆಣಗುತ್ತಿರುವುದು ಅದೇ, ಕುರ್ಚಿಯಲ್ಲಿ ಕುಳಿತ ನಾವಲ್ಲ. ಬೈಗುಳ ತಾಳಲಾರದೆ ಬಾವುಟ ಕೆಳಗಿಟ್ಟ ಎಳೆಯರನ್ನು ನಾವು ಕಂಡಿದ್ದೇವೆ. ಮುಂದಿನ ಶನಿವಾರ ಕೂಗಬೇಕೆನಿಸಿದಾಗ, ನಾವು ಆಟದ ನೇರಕ್ಕೆ ಇದ್ದೇವೆಯೇ ಎಂದು ಒಮ್ಮೆ ನೋಡಿಕೊಳ್ಳೋಣ. ಆಟ ಮುಗಿದ ಮೇಲೆ ಆ ಮಗುವಿಗೂ ಒಂದು ಮೆಚ್ಚುಗೆಯ ಮಾತು ಹೇಳೋಣ. ಅಂದು ಆ ಹುಡುಗಿಗೆ ನಾವು ಅದನ್ನು ಹೇಳಲಿಲ್ಲ.