ಸುತ್ತುದಾರಿಯ ಲೆಕ್ಕ

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್ ಉದ್ದ. ಆದರೇನು, ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ಉದ್ದದಿಂದಷ್ಟೇ ಕೆಲಸವಾಗದು, ಹವಾಮಾನವೂ ಮೊದಲೇ ಗೊತ್ತಿರಬೇಕು. ಆ ಮುನ್ಸೂಚನೆ ಲೆಕ್ಕ ಹಾಕುವ ಸೂಪರ್‌ಕಂಪ್ಯೂಟರಿನಲ್ಲಿ ಆಕಾಶವನ್ನು ಚೌಕ ಚೌಕವಾಗಿ ಹಂಚಿರುತ್ತಾರೆ. ಆಗುಂಬೆಯ ಮೇಲಿನ ಗಾಳಿ ಒಂದು ಪ್ರೊಸೆಸರಿನ ಪಾಲು, ಭದ್ರಾವತಿಯದು ಇನ್ನೊಂದರದು. ಮೋಡಕ್ಕೆ ಈ ಹಂಚಿಕೆ ಗೊತ್ತಿಲ್ಲವಲ್ಲ! ಹಾಗಾಗಿ ಪ್ರತಿ ಹೆಜ್ಜೆಗೂ ಅಕ್ಕಪಕ್ಕದ ಚೌಕಗಳು ಅಂಚಿನ ಅಂಕಿಗಳನ್ನು ಕೊಟ್ಟು ತೆಗೆದುಕೊಳ್ಳಬೇಕು. ಒಂದು ಸಂದೇಶ ತಡವಾದರೆ ಉಳಿದವೆಲ್ಲ ಕೈಕಟ್ಟಿ ಕೂರುತ್ತವೆ.

ಈ ಸಂದೇಶಗಳು ಸಾಗುವ ಜಾಲ ಹೇಗಿರುತ್ತದೆ ಎನ್ನಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2015ರಲ್ಲಿ ಬಂದ ಸೂಪರ್‌ಕಂಪ್ಯೂಟರ್ ‘ಸಹಸ್ರಟಿ’ಯನ್ನು ನೋಡಿ. ಕ್ರೇ ಕಂಪನಿಯ ಎಕ್ಸ್‌ಸಿ40 ಯಂತ್ರ. ಸಿಪಿಯು ನೋಡ್‌ಗಳೇ, ಅಂದರೆ ಬಿಡಿ ಕಂಪ್ಯೂಟರುಗಳೇ, 1,376, ತಲಾ 24 ಕೋರ್. ನಾಲ್ಕು ನೋಡ್‌ಗೆ ಒಂದರಂತೆ ಏರೀಸ್ ಎಂಬ ರೂಟರ್ ಚಿಪ್. ಇಂಥ 96 ಚಿಪ್ ಸೇರಿದರೆ ಒಂದು ಗುಂಪು. ಗುಂಪಿನೊಳಗೆ ಎಲ್ಲಿಂದ ಎಲ್ಲಿಗಾದರೂ ಚಿಪ್‌ನಿಂದ ಚಿಪ್‌ಗೆ ಹೆಚ್ಚೆಂದರೆ ಎರಡೇ ನೆಗೆತ. ಗುಂಪಿನಿಂದ ಗುಂಪಿಗೆ ಬೆಳಕಿನ ಕೇಬಲ್. ಡ್ರ್ಯಾಗನ್‌ಫ್ಲೈ ಎನ್ನುವ ಈ ಜೋಡಣೆಯಲ್ಲಿ ಯಂತ್ರದ ಈ ತುದಿಯಿಂದ ಆ ತುದಿಗೆ ಐದು ನೆಗೆತ ಸಾಕು.

ಕಾಗದದ ಮೇಲೆ ಎಲ್ಲ ಸಲೀಸು. ಒಂದು ಗುಂಪಿನವರೆಲ್ಲ ಒಟ್ಟಿಗೆ ಇನ್ನೊಂದೇ ಗುಂಪಿಗೆ ಕಳಿಸಲು ಹೊರಟರೆ ನೇರ ಕೇಬಲ್ ಉಸಿರುಗಟ್ಟುತ್ತದೆ, ಉಳಿದವು ಖಾಲಿ ಬಿದ್ದಿರುತ್ತವೆ. ಮದ್ದು ಹಳೆಯದು: ಸಂಬಂಧವೇ ಇಲ್ಲದ ಯಾವುದೋ ಮೂರನೆಯ ಕಡೆ ಹೋಗಿ ಅಲ್ಲಿಂದ ಗುರಿ ಸೇರುವುದು. 1980ರ ದಶಕದ ಆರಂಭದಲ್ಲಿ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ವೇಲಿಯಂಟ್ ಕೊಟ್ಟ ಉಪಾಯ. ಶಿವಮೊಗ್ಗದ ಬಿ.ಎಚ್. ರಸ್ತೆ ತುಂಬಿದಾಗ ಆಟೋದವರು ಗಲ್ಲಿ ಹಿಡಿದಂತೆಯೇ. ಆದರೆ ಸುತ್ತು ಹೊಡೆದ ಪ್ಯಾಕೆಟ್, ಅಂದರೆ ಸಂದೇಶದ ತುಣುಕು, ಒಂದರ ಬದಲು ಎರಡು ಬೆಳಕಿನ ಕೇಬಲ್ ಬಳಸುತ್ತದೆ. ಎಲ್ಲರೂ ಸುತ್ತಿದರೆ ಜಾಲದ ಹೊರೆ ದುಪ್ಪಟ್ಟು. ಅದಕ್ಕೇ ಏರೀಸ್ ಒಂದೊಂದು ಪ್ಯಾಕೆಟ್ಟಿಗೂ ಎರಡು ನೇರದಾರಿ, ಎರಡು ಸುತ್ತುದಾರಿ ಆರಿಸಿ, ಅವುಗಳ ಸಾಲಿನ ಉದ್ದ ತೂಗಿ ನೋಡುತ್ತದೆ. ನೇರದ ಕಡೆ ತುಸು ಒಲವಿಟ್ಟೇ. ಆ ಒಲವು ಎಷ್ಟಿರಬೇಕು ಎಂಬುದರಲ್ಲಿದೆ, ನನ್ನ ಮಟ್ಟಿಗೆ, ಇಡೀ ಕಸುಬು.

ಬೆಂಗಳೂರಿಗೆ ಈ ಚಿಂತೆ ಹೊಸದಲ್ಲ. 1986ರಲ್ಲೇ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿತ್ತು. ಮುಂದೆ ಅದರ ಪೀಳಿಗೆಯಲ್ಲಿ ಮುಂಗಾರಿನ ಲೆಕ್ಕವೂ ನಡೆಯಿತು. ಅಲ್ಲಿಯವರು ರೂಪಿಸಿದ ‘ಫ್ಲೋಸ್ವಿಚ್’ ಸಂದೇಶಗಳನ್ನು ಬರೀ ದಾಟಿಸುತ್ತಿರಲಿಲ್ಲ. ಎಲ್ಲ ಪ್ರೊಸೆಸರುಗಳ ಅಂಕಿಗಳನ್ನು ಒಟ್ಟುಗೂಡಿಸುವಂಥ ಕೆಲಸವನ್ನು ದಾರಿಯಲ್ಲೇ ಮುಗಿಸಿ, ಮೊತ್ತವನ್ನಷ್ಟೇ ಮುಂದಕ್ಕೆ ಕಳಿಸುತ್ತಿತ್ತು.